ಮೇ ಹದಿನಾರು, ಗುರುವಾರ

ಅಬೂ ಮಿಸ್ಬಾಹನಿಗೆ ಮಿಸ್ಬಾಹ್ ಎಂಬ ಮಗನಿರಲಿಲ್ಲ. ಗಂಡುಮಗುವೇ ಹುಟ್ಟಲಿಲ್ಲ. ಹುಟ್ಟಿದ್ದರೆ ತಾತನ ಹೆಸರನ್ನೇ ಇಡುತ್ತಿದ್ದರು ಎಂಬ ಲೆಕ್ಕದ ಮೇಲೆ ಬೈರೂತಿನ ಆ ಬೀದಿ ಮೂವತ್ತು ವರ್ಷ ಅವನನ್ನು ಮಿಸ್ಬಾಹನ ಅಪ್ಪ ಎಂದೇ ಕರೆಯಿತು. ಗುರುವಾರ ಬೆಳಿಗ್ಗೆ ಅವನ ಹೆಣ ತೊಳೆಯುವಾಗ ಮಗ ಹಿಡಿಯಬೇಕಾದ ಕೈಯನ್ನು ಟೈಪಿಸ್ಟ್ ನಬೀಹ್ ಹಿಡಿದುಕೊಂಡಿದ್ದ.

“ಇನ್ನೂ ಎತ್ತು ಮಾರಾಯ, ಕಂಕುಳಿಗೆ ನೀರು ಹೋಗ್ಬೇಕು,” ಅಂದ ಹೆಣ ತೊಳೆಯುವ ಹಾಜಿ ದರ್ವೀಶ್. “ಕಚ್ಚಲ್ಲ. ಇಪ್ಪತ್ತಾರು ವರ್ಷ ಇವನ ಜೊತೆ ಕೆಲಸ ಮಾಡಿದ್ದೀನಿ ಅಂತೀಯ, ಕೈ ಹಿಡಿಯೋಕೆ ನಾಚ್ಕೋತೀಯ.”

“ಭಾರ ಇದೆ ಹಾಜಿ.”

“ಪೊಲೀಸರು ಯಾವಾಗ್ಲೂ ಭಾರ. ಕಟುಕರು ಇನ್ನೂ ಭಾರ.” ದರ್ವೀಶ್ ಕರ್ಪೂರ ಬೆರೆಸಿದ ನೀರನ್ನು ಭುಜದಿಂದ ಇಳಿಬಿಟ್ಟ. ಸೊಂಟದ ಹತ್ತಿರ ಒಂದು ಹಳೆಯ ಗುಳಿ ಕಂಡು ಅದರೊಳಗೆ ಬೆರಳಿಟ್ಟು ತೊಳೆದ. “ಇದು ಯಾವ ವರ್ಷದ್ದು?”

“ಎಪ್ಪತ್ತಾರು.”

“ಯಾರು ಹೊಡೆದಿದ್ದು?”

“ಯಾರಿಗ್ಗೊತ್ತು. ಎಲ್ಲರೂ ಹೊಡೀತಿದ್ರು.”

ದರ್ವೀಶ್ ನಕ್ಕ. ಅವನು ಅಂತರ್ಯುದ್ಧದ ಹದಿನೈದು ವರ್ಷ ಎರಡೂ ಕಡೆಯ ಹೆಣ ತೊಳೆದವನು. ಕಫನ್ ಬಟ್ಟೆ ಬಿಡಿಸುತ್ತಾ ಕೇಳಿದ, “ಮಸೀದೀಲಿ ಹಕ್ಕಿನ ಮಾತು ಕೇಳೋರು ಯಾರು? ಮಗ ಇಲ್ಲ, ಅಣ್ಣತಮ್ಮ ಇಲ್ಲ. ಮಗಳು ಗಂಡಸರ ಮುಂದೆ ನಿಂತು ಕೇಳೋಕಾಗಲ್ಲ.”

“ನನಗೇ ಕೇಳು ಅಂತ ಹೇಳಿ ಹೋಗಿದ್ದಾರೆ.”

“ಸರಿ ಬಿಡು. ಏನಿದೆ ಅದರಲ್ಲಿ. ಈ ಮನುಷ್ಯನ ಮೇಲೆ ಯಾರಿಗಾದ್ರೂ ಹಕ್ಕಿದ್ರೆ ಈಗ ಹೇಳಿ, ಇಲ್ಲಾ ಮಾಫ್ ಮಾಡಿ ಅಂತ ಕೂಗೋದು. ಎಲ್ಲರೂ ಮಾಫ್ ಮಾಫ್ ಅಂತಾರೆ. ನಲವತ್ತು ವರ್ಷದಲ್ಲಿ ಒಬ್ಬನೂ ಇಲ್ಲ ಅಂದಿದ್ದು ನಾನು ಕೇಳಿಲ್ಲ. ಊಟದ ಹೊತ್ತಾಗಿರುತ್ತೆ, ಪಾಪ.”

ನಬೀಹನ ಕೋಟಿನ ಒಳಜೇಬಿನಲ್ಲಿ ಒಂದು ಚಿಕ್ಕ ಕಂದು ಲಕೋಟೆ ಇತ್ತು. ಹೆಣದ ಮೇಲಿನ ನೀರು ಅವನ ತೋಳಿನವರೆಗೂ ಹರಿದಿತ್ತು. ಲಕೋಟೆ ನೆನೆಯದಿರಲಿ ಎಂದು ಅವನು ಕೋಟನ್ನು ಬಿಚ್ಚಿ ಮೊಳೆಗೆ ತೂಗುಹಾಕಿದ. ಮತ್ತೆ ಬಂದು ಕೈ ಹಿಡಿದ.

*

ಯುದ್ಧ ಮುಗಿದ ಮೇಲೆ ಕೊಲೆ ವಿಭಾಗದ ಕೆಲಸ ವಿಚಿತ್ರವಾಯಿತು. ತೊಂಬತ್ತೊಂದರ ಮಾರ್ಚ್ ಕೊನೆಗೆ ಮೊದಲು ನಡೆದದ್ದನ್ನೆಲ್ಲ ಸರ್ಕಾರ ಕ್ಷಮಿಸಿಬಿಟ್ಟಿತು. ಹೆಣ ಸಿಕ್ಕರೆ ಮೊದಲು ಕೇಳಬೇಕಾದದ್ದು ಯಾರು ಕೊಂದರು ಎಂದಲ್ಲ, ಯಾವಾಗ ಕೊಂದರು ಎಂದು. ಮಾರ್ಚಿಗೆ ಮೊದಲು ಸತ್ತವನು ಯುದ್ಧದಲ್ಲಿ ಸತ್ತ, ಫೈಲು ಮುಚ್ಚು. ಆಮೇಲೆ ಸತ್ತವನು ಕೊಲೆಯಾದ, ಫೈಲು ತೆರೆ. ಊರ ನಡುವಿನ ಒಡೆದ ಕಟ್ಟಡಗಳನ್ನು ಯಂತ್ರಗಳು ಕೆಡವುತ್ತಿದ್ದ ಕಾಲ. ವಾರಕ್ಕೆರಡು ಹೆಣ ಸಿಗುತ್ತಿದ್ದವು.

ಆ ಕೆಲಸದಲ್ಲಿ ಅಬೂ ಮಿಸ್ಬಾಹನನ್ನು ಮೀರಿಸಿದವರಿರಲಿಲ್ಲ. ಮೂಳೆಗೂಡಿನ ಪಕ್ಕದ ಟಾರ್ಚಿನ ಬ್ಯಾಟರಿ, ಔಷಧಿ ಪಟ್ಟಿ, ರೊಟ್ಟಿ ಚೀಲದ ಮೇಲೆ ಅಚ್ಚಾದ ಬೆಲೆ, ಇಷ್ಟು ಸಾಕಿತ್ತು. ಲೀರಾ ದಿನದಿನಕ್ಕೂ ಬೀಳುತ್ತಿದ್ದ ಆ ವರ್ಷಗಳಲ್ಲಿ ರೊಟ್ಟಿಯ ಬೆಲೆ ನೋಡಿ ಸತ್ತ ವಾರ ಹೇಳುತ್ತಿದ್ದ. ಸಹೋದ್ಯೋಗಿಗಳು ಅವನಿಗೆ ಕ್ಯಾಲೆಂಡರ್ ಎಂದು ಹೆಸರಿಟ್ಟರು. ಅವನು ಹೇಳಿದ ತಾರೀಖನ್ನು ನಬೀಹ್ ಟೈಪ್ ಮಾಡುತ್ತಿದ್ದ. ಯಾವ ವಕೀಲನೂ ಅದನ್ನು ಅಲ್ಲಾಡಿಸಲಿಲ್ಲ.

ತೊಂಬತ್ತೆರಡರ ನವೆಂಬರಿನಲ್ಲಿ ಒಂದು ಹಳೆಯ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ ಇನ್ನೊಂದು ಹೆಣ ಸಿಕ್ಕಿತು. ಎಳೆಯ ಗಂಡಸು, ತಲೆಯ ಹಿಂಭಾಗದಲ್ಲಿ ಒಂದು ತೂತು. ಗುರುತಿನ ಚೀಟಿ ಇಲ್ಲ, ಗಡಿಯಾರ ಇಲ್ಲ. ಶರ್ಟಿನ ಜೇಬಿನಲ್ಲಿ ಸಿಗರೇಟು ಪ್ಯಾಕು. ಅಬೂ ಮಿಸ್ಬಾಹ್ ಪ್ಯಾಕನ್ನು ಬೆಳಕಿಗೆ ಹಿಡಿದು, ಹೊರಗಿನ ತೆಳು ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಸಿಟ್ಟಿದ್ದ ಕಾಗದದ ಚೂರನ್ನು ಉಗುರಿನಲ್ಲಿ ಎಳೆದ. ಫೋಟೋ ಸ್ಟುಡಿಯೋದ ಚೀಟಿ. ಆರು ಪ್ರತಿ, ಪಾಸ್‌ಪೋರ್ಟ್ ಅಳತೆ. ಕೊಡುವ ದಿನ: ಮೇ ಹದಿನಾರು, ತೊಂಬತ್ತೊಂದು, ಗುರುವಾರ.

“ಕ್ಷಮೆಯಾಗಿ ಏಳು ವಾರ ಆದ್ಮೇಲೆ,” ಅಂದ ಅಬೂ ಮಿಸ್ಬಾಹ್. ಅವನ ಮುಖದಲ್ಲಿ ಸಂತೋಷವಿತ್ತು. ತಾರೀಖು ಸಿಕ್ಕಿದಾಗಲೆಲ್ಲ ಅವನಿಗೆ ಸಂತೋಷವಾಗುತ್ತಿತ್ತು. “ನಬೀಹ್, ಇದು ನಮ್ಮದು.”

ಸ್ಟುಡಿಯೋದವನು ಹಾಗೋಪ್ ಎಂಬ ಅರ್ಮೇನಿಯನ್ ಮುದುಕ. ಚೀಟಿ ನೋಡಿದವನೇ ಬಿಸ್ಕತ್ತಿನ ಡಬ್ಬಿ ತೆಗೆದು, ಯಾರೂ ಒಯ್ಯದ ಫೋಟೋಗಳ ನಡುವೆ ಬೆರಳಾಡಿಸಿ ಒಂದು ಕಂದು ಲಕೋಟೆ ಹೊರತೆಗೆದ.

“ಬರ್ತೀನಿ ಅಂದಿದ್ದ. ಬರಲಿಲ್ಲ. ಡಬ್ಬಿ ತುಂಬ ಇಂಥೋರೇ ಇದ್ದಾರೆ, ಎಸೆಯೋಕೆ ಮನಸ್ಸು ಬರಲ್ಲ.”

ಲಕೋಟೆಯಲ್ಲಿದ್ದ ಮುಖವನ್ನು ಇಬ್ಬರೂ ಬಲ್ಲರು. ಕಾರು ರಿಪೇರಿಯ ಹುಡುಗ ಹಿಶಾಮ್. ಆ ಮುಖದ ದೊಡ್ಡ ಫೋಟೋವನ್ನು ಎದೆಗೊತ್ತಿಕೊಂಡು ಅವನ ತಾಯಿ ಒಂದೂವರೆ ವರ್ಷದಿಂದ ಪ್ರತಿ ಗುರುವಾರ ಅವರ ಕಚೇರಿಗೆ ಬರುತ್ತಿದ್ದಳು. ಗುರುವಾರ ಹೋದವನು ಗುರುವಾರವೇ ಬಂದಾನು ಎಂಬುದು ಅವಳ ಲೆಕ್ಕ.

*

ಹೆಣಕ್ಕೆ ಕಫನ್ ಸುತ್ತಿ ನಡುಮನೆಯಲ್ಲಿ ಮಲಗಿಸಿದಾಗ ಹತ್ತು ಗಂಟೆ. ಗೋಡೆಗೆ ಸಾವಿನ ಚೀಟಿ ಅಂಟಿಸಿದ್ದರು. ಬಾಗಿಲ ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಗಂಡಸರು ಕೂತು ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಿದ್ದರು. ಒಳಗೆ ಹೆಂಗಸರ ನಡುವೆ ಮಗಳು ನುಹಾ. ಮೂವತ್ತರ ಹತ್ತಿರದವಳು, ಔಷಧಿ ಅಂಗಡಿಯ ಕೆಲಸ, ಮದುವೆಯಾಗಿರಲಿಲ್ಲ. ಅತ್ತು ಮುಗಿಸಿ ಈಗ ಕಾಫಿ ಬಟ್ಟಲು ಸಾಲದೆ ಬಂದದ್ದನ್ನು ಯೋಚಿಸುತ್ತಿದ್ದಳು.

“ನಬೀಹ್ ಚಿಕ್ಕಪ್ಪ, ಎದುರುಮನೆಯಿಂದ ಒಂದು ಡಜನ್ ಬಟ್ಟಲು ತರಿಸ್ತೀರಾ? ಅಪ್ಪನ ಹೆಸರಲ್ಲಿ ಅರ್ಧ ಡಿಪಾರ್ಟ್‌ಮೆಂಟೇ ಬಂದಿದೆ.”

“ತರಿಸ್ತೀನಮ್ಮ.”

“ನೀವೇನಾದ್ರೂ ತಿಂದ್ರಾ? ಮುಖ ಬಿಳಚಿಕೊಂಡಿದೆ.”

“ತಿಂದೆ,” ಎಂದು ಸುಳ್ಳು ಹೇಳಿ ಅವನು ಹೊರಬಂದ. ಬೀದಿಯ ತುದಿಯಲ್ಲಿ ಹಿಶಾಮನ ತಾಯಿ, ಉಮ್ ಹಿಶಾಮ್ ಬರುತ್ತಿದ್ದಳು.

ಗುರುವಾರವಾದ್ದರಿಂದ ಬರುತ್ತಿದ್ದಳು. ಸಾವಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಅಬೂ ಮಿಸ್ಬಾಹ್ ನಿವೃತ್ತನಾದ ಮೇಲೆ ಕಚೇರಿ ಬಿಟ್ಟು ಅವನ ಮನೆಗೇ ಬರುತ್ತಿದ್ದಳು. ಕೈಯಲ್ಲಿ ಯಾವಾಗಿನಂತೆ ಪುದೀನ ಸೊಪ್ಪಿನ ಕಟ್ಟು. ಕುರ್ಚಿಗಳನ್ನು ನೋಡಿ ನಿಂತಳು. ಗೋಡೆಯ ಚೀಟಿಯ ಮುಂದೆ ಹೋಗಿ ನಿಂತಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಯಾರದ್ದು ಮಗನೇ ಇದು?”

“ಅಬೂ ಮಿಸ್ಬಾಹ್ ಅವರದ್ದು, ಉಮ್ ಹಿಶಾಮ್. ರಾತ್ರಿ ಹೋಗಿಬಿಟ್ರು.”

ಅವಳು ಪುದೀನ ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. “ಹೋದ ವಾರ ಆಸ್ಪತ್ರೇಲಿ ನನಗೆ ಹೇಳಿದ್ರಲ್ಲ, ಮುಂದಿನ ವಾರ ಮನೆಗೆ ಬಾ, ಮಾತಾಡೋದಿದೆ ಅಂತ. ಏನಾದ್ರೂ ಸುಳಿವು ಸಿಕ್ಕಿತ್ತೋ ಏನೋ. ನಿನಗೇನಾದ್ರೂ ಹೇಳಿದ್ರಾ?”

ಹೇಳಬಹುದಾಗಿದ್ದ ಹೊತ್ತು ಅದೇ. ಪಕ್ಕದಲ್ಲಿ ಯಾರೂ ಇರಲಿಲ್ಲ. ನಬೀಹನ ಕೈ ಕೋಟಿನ ಒಳಗೆ ಹೋಗಿ ಲಕೋಟೆಯ ಅಂಚು ಮುಟ್ಟಿತು. ಅಷ್ಟರಲ್ಲಿ ಬೀದಿಗೆ ಕಪ್ಪು ಕಾರೊಂದು ತಿರುಗಿತು, ಅದರ ಹಿಂದೆ ಇನ್ನೊಂದು. ಕುರ್ಚಿಯಲ್ಲಿದ್ದವರು ಎದ್ದು ನಿಂತರು. ಉಸ್ತಾದ್ ಸಮೀಹ್ ಇಳಿದ. ಒಂದು ಕಾಲದಲ್ಲಿ ಇದೇ ಬೀದಿಯ ಕೊನೆಯಲ್ಲಿ ಬಂದೂಕಿನವರನ್ನಿಟ್ಟುಕೊಂಡು ಜನರ ಗುರುತು ಚೀಟಿ ನೋಡುತ್ತಿದ್ದವನು. ಈಗ ಒಡೆದ ಕಟ್ಟಡಗಳ ಜಾಗದಲ್ಲಿ ಹೊಸದನ್ನು ಕಟ್ಟಿಸುತ್ತಿದ್ದ. ತಲೆ ನರೆತಿತ್ತು, ಕೈಯಲ್ಲಿ ಜಪಮಣಿ. ಅವನ ಹುಡುಗರು ಆಳೆತ್ತರದ ಹೂವಿನ ಚಕ್ರ ಇಳಿಸಿದರು.

“ದೊಡ್ಡ ಮನುಷ್ಯ ಹೋದ,” ಅಂದ ಸಮೀಹ್ ನಬೀಹನ ಎರಡೂ ಕೈ ಹಿಡಿದು. “ಮಾತಿನ ಮನುಷ್ಯ. ಅಂಥೋರು ಈಗಿಲ್ಲ. ನೀವು ಹೇಗಿದ್ದೀರಿ ನಬೀಹ್? ಮನೆ ಇನ್ನೂ ಅದೇ ತಾನೇ, ಬೇಕರಿ ಮೇಲೆ?”

“ಹೌದು ಉಸ್ತಾದ್.”

“ಒಳ್ಳೇದು. ಬಿಸಿ ರೊಟ್ಟಿ ವಾಸನೆ ಬರುತ್ತೆ.” ಅವನು ಉಮ್ ಹಿಶಾಮಳ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ. “ಹೇಗಿದ್ದೀರಿ ಅಮ್ಮ?”

“ದೇವರು ನಿನಗೆ ಆಯಸ್ಸು ಕೊಡಲಿ ಮಗನೇ,” ಅಂದಳು ಉಮ್ ಹಿಶಾಮ್.

ನಬೀಹ್ ಬಟ್ಟಲು ತರಲು ಎದುರುಮನೆಗೆ ಹೋದ.

*

ಆಗಲೂ ಹೀಗೇ ಆಗಿತ್ತು, ಗದ್ದಲವಿಲ್ಲದೆ. ಆ ಗುರುವಾರ ಹಿಶಾಮ್ ಸಮೀಹನ ಕಾರು ಹತ್ತಿದ್ದನ್ನು ಮೂಲೆಯ ದಿನಸಿ ಅಂಗಡಿಯವನು ನೋಡಿದ್ದ. ಹಿಶಾಮ್ ರಿಪೇರಿಗಿಟ್ಟುಕೊಂಡಿದ್ದ ಯಾರದೋ ಕಾರನ್ನು ಸಮೀಹನ ಹುಡುಗರು ಒಯ್ದಿದ್ದರು. ಯುದ್ಧ ಮುಗಿಯಿತಲ್ಲ, ಇನ್ನು ಕೇಳಬಹುದು ಎಂದುಕೊಂಡು ಅವನು ಹೋಗಿ ಕೇಳಿದ್ದ. ಅಷ್ಟೇ ಕತೆ. ಹೆಣ ಸಿಕ್ಕ ಮೇಲೆ ಅಂಗಡಿಯವನು ಒಂದು ಸೋಮವಾರ ಹೇಳಿಕೆ ಕೊಟ್ಟ. ಬುಧವಾರ ವಾಪಸ್ ತಗೊಂಡ.

ಬುಧವಾರ ಸಂಜೆ ಅಬೂ ಮಿಸ್ಬಾಹನ ಮನೆ ಬಾಗಿಲಿಗೆ ಒಬ್ಬ ಬಂದು ಕೆಮಿಸ್ಟ್ರಿ ಪುಸ್ತಕವೊಂದನ್ನು ಕೊಟ್ಟುಹೋದ. “ನಿಮ್ಮ ಮಗಳು ಬಸ್ಸಲ್ಲಿ ಬಿಟ್ಟಿದ್ರು. ಉಸ್ತಾದ್ ಸಮೀಹ್ ಕಳಿಸಿದ್ರು.” ನುಹಾ ಬಸ್ಸಿನಲ್ಲಿ ಪುಸ್ತಕ ಬಿಟ್ಟಿರಲಿಲ್ಲ. ವಿಶ್ವವಿದ್ಯಾಲಯದ ಓದುಕೋಣೆಯಲ್ಲಿ ಮೇಜಿನ ಮೇಲಿಟ್ಟು ನೀರು ಕುಡಿಯಲು ಹೋಗಿದ್ದಳು.

ಮರುದಿನ ಬೆಳಿಗ್ಗೆ ಅವನು ಕಚೇರಿಗೆ ಬಂದು ಕೋಟು ಬಿಚ್ಚದೆ ಕೂತ.

“ಟೈಪ್ ಮಾಡು. ಸತ್ತ ಕಾಲ, ಎಂಬತ್ತೊಂಬತ್ತರ ಸುಮಾರು.”

ನಬೀಹ್ ಬೆರಳು ಎತ್ತಿ ಹಿಡಿದ. “ಎಂಬತ್ತೊಂಬತ್ತು ಅಂದ್ರೆ ಇದು ಹಿಶಾಮ್ ಅಲ್ಲ. ತೊಂಬತ್ತೊಂದರ ಮೇ ತಿಂಗಳಲ್ಲಿ ಅವನು ತಾಯಿ ಮನೇಲಿ ಊಟ ಮಾಡಿದ್ದಾನೆ.”

“ಅಲ್ಲ.”

“ಅವಳಿಗೆ ಏನು ಹೇಳೋದು?”

“ಏನೂ ಹೇಳೋದಿಲ್ಲ. ಹೆಸರು ಗೊತ್ತಿಲ್ಲದ ಹೆಣ. ಟೈಪ್ ಮಾಡು.”

ನಬೀಹ್ ಕಿಟಕಿ ನೋಡಿದ. ಮೇಲಧಿಕಾರಿಯ ಹತ್ತಿರ ಹೋಗಬಹುದಿತ್ತು. ಮೇಲಧಿಕಾರಿಯ ಮನೆಯಲ್ಲೂ ಮಕ್ಕಳಿದ್ದರು. ಅವನು ಟೈಪ್ ಮಾಡಿದ. ಒಂಬತ್ತರ ಕೀಲಿ ಸ್ವಲ್ಪ ಅಂಟಿಕೊಳ್ಳುತ್ತಿತ್ತು, ಎರಡು ಸಲ ಹೊಡೆಯಬೇಕಾಯಿತು. ಅವರಿಬ್ಬರೇ ಹೋಗಿ ಮಸೀದಿಯ ಹಿಂದಿನ ಕಬರಸ್ತಾನದಲ್ಲಿ, ದಿಕ್ಕಿಲ್ಲದವರ ಸಾಲಿನಲ್ಲಿ ಹೂಳಿಸಿದರು. ಕಲ್ಲಿಗೆ ನಂಬರು ನಲವತ್ತೊಂದು.

ಮಧ್ಯಾಹ್ನ ಉಮ್ ಹಿಶಾಮ್ ಬಂದಳು. ಗುರುವಾರವಲ್ಲವೆ. ಅಬೂ ಮಿಸ್ಬಾಹ್ ತಾನೇ ಎದ್ದು ಅವಳಿಗೆ ಕಾಫಿ ಮಾಡಿದ. ಅಲ್ಲಿಯವರೆಗೆ ಅವನು ಯಾರಿಗೂ ಕಾಫಿ ಮಾಡಿಕೊಟ್ಟಿದ್ದನ್ನು ನಬೀಹ್ ನೋಡಿರಲಿಲ್ಲ. ಆಮೇಲೆ ಪ್ರತಿ ವಾರ ಮಾಡಿದ. ಇಲಾಖೆಯ ಬೇರೆ ಯಾರೂ ತನ್ನನ್ನು ಕೂರಿಸುವುದೂ ಇಲ್ಲ ಎಂದು ಅವಳು ಎಲ್ಲರ ಮುಂದೆ ಹೊಗಳಿದಳು. ಅವಳು ಹೊಗಳಿದಷ್ಟೂ ಅವನು ಸಕ್ಕರೆ ಜಾಸ್ತಿ ಹಾಕುತ್ತಿದ್ದ. ಹೆಣಗಳ ತಾರೀಖು ಹೇಳುವುದನ್ನು ಮಾತ್ರ ಬಿಟ್ಟುಬಿಟ್ಟ. “ನೀವೇ ನೋಡ್ಕೊಳ್ಳಿ, ನನ್ನ ಕಣ್ಣು ಮಂಜು,” ಅನ್ನುತ್ತಿದ್ದ. ಅವನ ಕಣ್ಣು ಚೆನ್ನಾಗಿಯೇ ಇತ್ತು.

*

ಆಸ್ಪತ್ರೆಯಲ್ಲಿ, ಸಾಯುವ ಮೂರು ದಿನ ಮೊದಲು, ಅವನು ದಿಂಬಿನ ಕೆಳಗಿಂದ ಆ ಲಕೋಟೆ ತೆಗೆದಿದ್ದ.

“ಮಸೀದೀಲಿ ನೀನು ಕೇಳಿದ ತಕ್ಷಣ ಅವಳು ಮಾಫ್ ಅಂದುಬಿಡ್ತಾಳೆ. ನನಗೆ ಗೊತ್ತು ಅವಳು. ಗೊತ್ತಿಲ್ಲದೆ ಕೊಟ್ಟ ಮಾಫಿ ನನಗೆ ಬೇಡ, ಅದು ಕದ್ದ ಹಾಗೆ. ಮೊದಲು ಹೇಳು. ಆಮೇಲೆ ಕೇಳು.”

“ನೀವೇ ಹೇಳಿ. ಇನ್ನೂ ಬಾಯಿದೆಯಲ್ಲ.”

“ಹೋದ ಗುರುವಾರ ಬಂದಿದ್ಲು. ಹೇಳೋಕೆ ಹೊರಟೆ. ಪುದೀನ ಬಿಡಿಸ್ತಾ ಕೂತಿದ್ಲು. ಮುಂದಿನ ವಾರ ಬಾ ಅಂದೆ.”

“ಹನ್ನೊಂದು ವರ್ಷದಿಂದ ಮುಂದಿನ ವಾರವೇ ಆಯ್ತಲ್ಲ,” ಅಂದ ನಬೀಹ್. ಸಾಯುವವನ ಮೇಲೆ ಸಿಟ್ಟು ಮಾಡಬಾರದು ಅಂತಿದ್ದರೂ ಸಿಟ್ಟು ಬಂದಿತ್ತು. “ಸಮೀಹ್ ಬದುಕಿದ್ದಾನೆ. ನೀವು ಸತ್ತುಹೋಗ್ತೀರಿ. ನಾನು ಬೇಕರಿ ಮೇಲೆ ಇರ್ತೀನಿ. ಇದನ್ನೂ ನನ್ನ ಕೈಲೇ ಟೈಪ್ ಮಾಡಿಸ್ತೀರಾ?”

ಅಬೂ ಮಿಸ್ಬಾಹ್ ನಗಲು ಹೋಗಿ ಕೆಮ್ಮಿದ. “ಸಮೀಹನ ಹೆಸರು ಹೇಳ್ಬೇಡ. ಸಾಕ್ಷಿ ಇಲ್ಲ. ತಾರೀಖು ಹೇಳು ಸಾಕು.”

*

ಮಧ್ಯಾಹ್ನದ ನಮಾಜು ಮುಗಿದು ಹೆಣ ಹೊತ್ತ ಜನಾಜವನ್ನು ಮಸೀದಿಯ ಅಂಗಳದ ಕಲ್ಲುಕಟ್ಟೆಯ ಮೇಲಿಟ್ಟರು. ಅಕ್ಟೋಬರ್ ಆದರೂ ಬಿಸಿಲು ಚುರುಗುಟ್ಟುತ್ತಿತ್ತು. ಬೀದಿಯಿಂದ ಇಲ್ಲಿಯವರೆಗೆ ಜನಾಜದ ಮುಂದಿನ ಎಡ ತುದಿಗೆ ಹೆಗಲು ಕೊಟ್ಟವನು ಉಸ್ತಾದ್ ಸಮೀಹ್. ಈಗ ಮೊದಲ ಸಾಲಿನಲ್ಲಿ ನಿಂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಎಡಗಡೆ, ಕಬರಸ್ತಾನಕ್ಕೆ ಹೋಗುವ ಕಿರುಬಾಗಿಲಿನ ನೆರಳಲ್ಲಿ ಹೆಂಗಸರು. ನುಹಾಳ ತೋಳು ಹಿಡಿದುಕೊಂಡು ಉಮ್ ಹಿಶಾಮ್ ನಿಂತಿದ್ದಳು. ಪುದೀನ ಬಾಡಿತ್ತು.

ಬೆಳಿಗ್ಗೆಯಿಂದ ನಬೀಹ್ ಮೂರು ಸಲ ಅವಳ ಹತ್ತಿರ ಹೋಗಿದ್ದ. ಒಂದು ಸಲ ನೀರು ಬೇಕಾ ಎಂದು ಕೇಳಿದ. ಇನ್ನೊಂದು ಸಲ ಕುರ್ಚಿ ಕೊಟ್ಟ. ಮೂರನೇ ಸಲ ಸಮೀಹನ ಡ್ರೈವರ್ ಅವಳ ಪಕ್ಕದಲ್ಲೇ ಸಿಗರೇಟು ಹಚ್ಚಿಕೊಂಡು ನಿಂತಿದ್ದ.

ಮಸೀದಿಯ ಶೇಖ್ ನಬೀಹನತ್ತ ತಲೆಯಾಡಿಸಿದರು. “ಕೇಳಿ ನಬೀಹ್. ಬಿಸಿಲಿದೆ.”

ನಬೀಹ್ ಜನಾಜದ ತಲೆಯ ಕಡೆ ನಿಂತ. ಟೈಪಿಸ್ಟನಾದ್ದರಿಂದ ಗುಂಪಿನ ಮುಂದೆ ಮಾತಾಡಿ ಅಭ್ಯಾಸವಿರಲಿಲ್ಲ. “ಮುನೀಬ್ ಯಮ್ಮೂತ್, ಮಿಸ್ಬಾಹನ ಮಗ,” ಎಂದು ಅಬೂ ಮಿಸ್ಬಾಹನ ನಿಜವಾದ ಹೆಸರಿನಿಂದ ಶುರು ಮಾಡಿದ. “ಇವರು ನಿಮ್ಮ ನಡುವೆ ಬದುಕಿದರು. ಇವರ ಮೇಲೆ ಯಾರಿಗಾದರೂ ಹಕ್ಕಿದ್ದರೆ ಈಗಲೇ ಹೇಳಿ. ಇಲ್ಲವಾದರೆ ಮಾಫ್ ಮಾಡಿ.”

“ಮಾಫ್!” “ದೇವರು ಮಾಫ್ ಮಾಡಲಿ!” ಗಂಡಸರ ಸಾಲಿನಿಂದ ಬಂತು. ಸಮೀಹನ ದನಿ ಎಲ್ಲರಿಗಿಂತ ಮೇಲಿತ್ತು.

ಅದು ಅಡಗಿದ ಮೇಲೆ ಕಿರುಬಾಗಿಲ ಕಡೆಯಿಂದ ತೆಳ್ಳಗಿನ ದನಿಯೊಂದು ಎದ್ದಿತು.

“ನನ್ನದೇನೂ ಇಲ್ಲ ಇವರ ಮೇಲೆ. ಕೇಳಿಸ್ಕೊಳ್ಳಿ ಎಲ್ಲರೂ. ನನ್ನ ಹಿಶಾಮನ ಹೆಸರು ಮರೀದೆ ಇದ್ದವರು ಇವರೊಬ್ಬರೇ. ಮನಸಾರೆ ಮಾಫ್. ಇಲ್ಲೂ ಅಲ್ಲೂ ಮಾಫ್.”

ಕೆಲವರು ಕಣ್ಣೊರೆಸಿಕೊಂಡರು. ಶೇಖ್ ಕೈ ಎತ್ತಿದರು. ಜನಾಜ ಎತ್ತಲು ನಾಲ್ವರು ಬಾಗಿದರು.

“ಉಮ್ ಹಿಶಾಮ್,” ಅಂದ ನಬೀಹ್. “ಆ ಮಾತು ವಾಪಸ್ ತಗೊಳ್ಳಿ.”

ಬಾಗಿದವರು ಬಾಗಿದಂತೆಯೇ ನಿಂತರು.

“ಏನಂದೆ ಮಗನೇ?”

“ವಾಪಸ್ ತಗೊಳ್ಳಿ. ನಿಮ್ಮ ಹಕ್ಕಿದೆ. ಅವರೇ ಹೇಳೋಕೆ ಹೇಳಿದ್ರು. ನಾನು ಬೆಳಿಗ್ಗೆನೇ ಹೇಳಬೇಕಿತ್ತು, ಹೇಳಲಿಲ್ಲ.” ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ ಎಂದು ಗೊತ್ತಿದ್ದರಿಂದ ನಿಲ್ಲಿಸಲಿಲ್ಲ. “ತೊಂಬತ್ತೆರಡರಲ್ಲಿ ಬಟ್ಟೆ ಅಂಗಡಿ ನೆಲಮಾಳಿಗೇಲಿ ಸಿಕ್ಕಿದ್ದು ಹಿಶಾಮ್. ಎಂಬತ್ತೊಂಬತ್ತು ಅಂತ ಇವರು ಹೇಳಿದ್ರು, ನಾನು ಟೈಪ್ ಮಾಡಿದೆ. ಸುಳ್ಳು. ಸತ್ತಿದ್ದು ತೊಂಬತ್ತೊಂದು, ಮೇ ಹದಿನಾರು.”

ಅಂಗಳದಲ್ಲಿ ಯಾರೂ ಅಲ್ಲಾಡಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬ ಗಂಡಸಿಗೂ ಮಾರ್ಚ್ ಎಂದರೇನು, ಮೇ ಎಂದರೇನು ಎಂಬುದು ಗೊತ್ತಿತ್ತು. ಎಪ್ಪತ್ತೈದರಿಂದ ಆ ಮಾರ್ಚಿನವರೆಗಿನ ಯಾವ ತಿಂಗಳು ಹೇಳಿದ್ದರೂ ತಲೆಬಾಗಿಸಿ ಮನೆಗೆ ಹೋಗುತ್ತಿದ್ದರು.

ಸಮೀಹನ ಜಪಮಣಿ ನಿಂತಿತು. ಅವನು ನಬೀಹನನ್ನು ನೋಡಿದ. ಆಮೇಲೆ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಸಾಲು ಬಿಟ್ಟು, ಅಂಗಳ ದಾಟಿ ನಡೆದ. ಅವನ ಹುಡುಗರು ಹಿಂಬಾಲಿಸಿದರು. ಆ ತಿಂಗಳ ಹೆಸರು ಕೇಳಿ ಹೊರಟುಹೋದವರು ಅವರಷ್ಟೇ. ಇನ್ನೂರು ಜನ ಅದನ್ನು ನೋಡಿದರು. ಹೊರಗೆ ಎರಡು ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು.

ನಬೀಹ್ ಕಿರುಬಾಗಿಲಿಗೆ ಹೋಗಿ ಲಕೋಟೆ ಕೊಟ್ಟ. ಉಮ್ ಹಿಶಾಮ್ ಪುದೀನ ಕಟ್ಟನ್ನು ನುಹಾಳ ಕೈಗೆ ಕೊಟ್ಟು ಲಕೋಟೆ ಬಿಚ್ಚಿದಳು. ಆರು ಫೋಟೋ. ಆರರಲ್ಲೂ ಅದೇ ಮುಖ, ಇಸ್ತ್ರಿ ಮಾಡಿದ ಕಾಲರು. ಒಂದೊಂದನ್ನೂ ಬೇರೆಯದು ಎಂಬಂತೆ ನೋಡಿದಳು.

“ಇಷ್ಟು ಚಿಕ್ಕ ಫೋಟೋ ಯಾತಕ್ಕೆ?”

“ಪಾಸ್‌ಪೋರ್ಟಿಗೆ.”

“ಹೊರಗೆ ಹೊರಟಿದ್ನಾ?” ಅಂದಳು. “ನನಗೆ ಹೇಳಲಿಲ್ಲ. ಒಂದು ಕೆಲಸ ಇದೆ, ಊಟಕ್ಕೆ ಬರ್ತೀನಿ ಅಂದ. ಸೋರೆಕಾಯಿಗೆ ಅಕ್ಕಿ ತುಂಬಿ ಇಟ್ಟಿದ್ದೆ.” ಆರು ಫೋಟೋಗಳನ್ನೂ ಒಂದರ ಮೇಲೊಂದು ಜೋಡಿಸಿದಳು. “ಎಲ್ಲಿದ್ದಾನೆ?”

“ಇಲ್ಲೇ. ಈ ಬಾಗಿಲು ದಾಟಿ ಹಿಂದಿನ ಗೋಡೆ ಹತ್ತಿರ. ಕಲ್ಲಿನ ಮೇಲೆ ನಲವತ್ತೊಂದು ಅಂತಿದೆ.”

“ಇಲ್ಲೇ?” ಅವಳು ಬಾಗಿಲ ಕಡೆ ತಿರುಗಿ ನೋಡಿದಳು. “ನಾನು ಈ ಮಸೀದಿಗೆ ಬರ್ತಾನೇ ಇದ್ದೆನಲ್ಲ. ಅವನು ಬರಲಿ ಅಂತ ಹರಕೆ ಕಟ್ಕೊಳ್ಳೋಕೆ.”

ನಬೀಹ್ ಕಿರುಬಾಗಿಲನ್ನು ಪೂರ್ತಿ ತೆರೆದ.

ಶೇಖ್ ಹತ್ತಿರ ಬಂದು ಮೆಲ್ಲಗೆ ಹೇಳಿದರು, “ಅಮ್ಮ, ಹೆಣವನ್ನ ಕಾಯಿಸಬಾರದು. ಒಂದು ಮಾತು ಹೇಳಿಬಿಡಿ. ಮಾಫೋ, ಅಲ್ಲವೋ. ಅಷ್ಟು ಕೇಳಿಕೊಂಡು ನಾವು ಎತ್ತುತ್ತೇವೆ.”

ಉಮ್ ಹಿಶಾಮ್ ಅವರ ಮುಖ ನೋಡಿದಳು. ಆಮೇಲೆ ಕಟ್ಟೆಯ ಮೇಲಿನ ಬಿಳಿ ಗಂಟನ್ನು ನೋಡಿದಳು. “ನಾನು ಮೊದಲು ಅವನನ್ನ ನೋಡ್ಕೊಂಡು ಬರ್ತೀನಿ,” ಅಂದಳು. “ಬಂದು ಹೇಳ್ತೀನಿ.”

“ಎಷ್ಟು ಹೊತ್ತಮ್ಮ? ಬಿಸಿಲು...”

“ಗೊತ್ತಿಲ್ಲ.”

“ಎತ್ತಬೇಡಿ,” ಅಂದಳು ನುಹಾ. ದನಿ ಗಟ್ಟಿಯಾಗಿತ್ತು. ಗಂಡಸರು ಅವಳತ್ತ ತಿರುಗಿದರು. “ಅವರು ಬರೋ ತನಕ ಯಾರೂ ಎತ್ತಬೇಡಿ. ನನ್ನಪ್ಪ ಕಾಯಲಿ.”

ಉಮ್ ಹಿಶಾಮ್ ಫೋಟೋಗಳನ್ನು ಎದೆಯೊಳಗೆ ಇಟ್ಟುಕೊಂಡು ಬಾಗಿಲು ದಾಟಿದಳು. ನುಹಾ ನಬೀಹನ ಪಕ್ಕಕ್ಕೆ ಬಂದು ನಿಂತಳು. ಪುದೀನ ಇನ್ನೂ ಅವಳ ಕೈಯಲ್ಲೇ ಇತ್ತು.

“ಯಾಕೆ ಚಿಕ್ಕಪ್ಪ? ಅಪ್ಪ ಯಾಕೆ ಹಾಗೆ ಬರೆಸಿದ್ರು?”

ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

“ಆ ಚಳಿಗಾಲ,” ಅಂದಳು ನಿಧಾನವಾಗಿ. “ಕಾಲೇಜಿಗೆ ದಿನಾ ಅವರೇ ಬಿಡೋಕೆ ಶುರು ಮಾಡಿದ್ರು. ನನ್ನದೊಂದು ಪುಸ್ತಕ ಕಳೆದು ಸಿಕ್ಕಿತ್ತು.”

“ಕೆಮಿಸ್ಟ್ರಿ,” ಅಂದ ನಬೀಹ್.

ಅವಳು ಅಪ್ಪನ ಜನಾಜದ ಕಡೆ ತಿರುಗಿದಳು.

ಜನ ನೆರಳು ಹುಡುಕಿಕೊಂಡು ಗೋಡೆ ಬದಿಗೆ ಸರಿದರು. ಯಾರೂ ಮನೆಗೆ ಹೋಗಲಿಲ್ಲ. ಹಾಜಿ ದರ್ವೀಶ್ ಬಂದು ಜನಾಜದ ಪಕ್ಕ ಕಟ್ಟೆಯ ಮೇಲೆ ಕೂತು, ಕಫನಿನ ಮೇಲೆ ಕೂತ ನೊಣವನ್ನು ಟೋಪಿಯಿಂದ ಓಡಿಸಿದ. “ನಲವತ್ತು ವರ್ಷದಲ್ಲಿ ಮೊದಲನೇ ಸಲ,” ಎಂದು ಗೊಣಗಿದ.

ಕಿರುಬಾಗಿಲಿನಿಂದ ನಬೀಹನಿಗೆ ಹಿಂದಿನ ಗೋಡೆ ಕಾಣುತ್ತಿತ್ತು. ಅವಳು ಸಾಲಿನ ಒಂದೊಂದು ಕಲ್ಲಿನ ಮುಂದೂ ನಿಂತು, ಅಂಕಿ ಓದಲು ಬಾರದೆ, ಪಕ್ಕದಲ್ಲಿ ಗುಂಡಿ ತೋಡುತ್ತಿದ್ದವನನ್ನು ಕೇಳುತ್ತಾ ಹೋದಳು. ಅವನು ಸನಿಕೆಯಿಂದ ಒಂದನ್ನು ತೋರಿಸಿದ. ಅವಳು ಅದರ ಮುಂದೆ ಕೂತಳು. ಅಳಲಿಲ್ಲ. ಕಲ್ಲಿನ ಸುತ್ತ ಬೆಳೆದಿದ್ದ ಒಣ ಹುಲ್ಲನ್ನು ಕೀಳತೊಡಗಿದಳು, ಪುದೀನ ಬಿಡಿಸುವ ಹಾಗೆಯೇ, ಒಂದೊಂದೇ ಎಳೆ. ಕಿತ್ತದ್ದನ್ನು ಮಡಿಲಿಗೆ ಹಾಕಿಕೊಂಡಳು. ತಿರುಗಿ ನೋಡಲಿಲ್ಲ.

ಕಟ್ಟೆಯ ಮೇಲಿನ ನೆರಳು ಜನಾಜವನ್ನು ಬಿಟ್ಟು ಸರಿಯಿತು. ಬಿಸಿಲು ಮೊದಲು ಪಾದದ ಕಡೆಗೆ ಬಿತ್ತು, ಆಮೇಲೆ ಸೊಂಟಕ್ಕೆ.

ಸತ್ಯ ಗೊತ್ತಿಲ್ಲದೆ ಅವಳು ಬಂದ ಗುರುವಾರಗಳನ್ನು ನಬೀಹ್ ಲೆಕ್ಕ ಹಾಕಿದ. ಫೈಲು ಮುಚ್ಚಿದ ಮಧ್ಯಾಹ್ನದ ಕಾಫಿ ಮೊದಲನೆಯದು. ಅದೂ ಸೇರಿ ಇವತ್ತಿನವರೆಗೆ ಐನೂರ ಅರವತ್ತಾರು ಗುರುವಾರ. ಕಣ್ಣಿನ ಆಪರೇಷನ್ ಆಗಿ ಅವಳು ಬಾರದೆ ಇದ್ದವು ಎರಡು. ಐನೂರ ಅರವತ್ತನಾಲ್ಕು.